ಮೇಘಗಣಕದ ಗುಣದೋಷ ವಿವೇಚನೆ

ಪದವನ್ನು ವಿಚಾರಿಸದೆ ಪದಾರ್ಥವನ್ನು ಸ್ವೀಕರಿಸಿದರೆ ಮುಂದೆ ತೊಡಕು ತಪ್ಪದೆಂಬುದು ವ್ಯಾಕರಣವನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿ. ಈಚಿನ ವರ್ಷಗಳಲ್ಲಿ ವಿದ್ಯಾಸಂಸ್ಥೆಗಳ ಬಾಗಿಲಿಗೆ ಬಂದು ನಿಂತಿರುವ 'ಕ್ಲೌಡ್ ಕಂಪ್ಯೂಟರ್' ಅಥವಾ ಮೇಘಗಣಕ ಎಂಬ ವಸ್ತುವಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮೇಘವೆಂದೊಡನೆ ಸಹೃದಯರ ಮನಸ್ಸಿಗೆ ವಿರಹಿಯಾದ ಯಕ್ಷನ ಸಂದೇಶವನ್ನು ಹೊತ್ತು ಅಲಕಾವತಿಗೆ ಹೊರಟ ಮುಗಿಲು ನೆನಪಾಗುವುದು ಸಹಜ. ಗಣಕ ಪ್ರಪಂಚದ ಮೇಘವಾದರೋ ಆಕಾಶದಲ್ಲಿ ತೇಲುವುದಿಲ್ಲ. ಅದು ನೆಲದ ಮೇಲೆ ಸಿಮೆಂಟು ಕಬ್ಬಿಣಗಳಿಂದ ಕಟ್ಟಿದ ಒಂದು ದೊಡ್ಡ ಕಟ್ಟಡ. ಅದರೊಳಗೆ ಸಾವಿರಾರು ಯಂತ್ರಗಳು ಸಾಲುಸಾಲಾಗಿ ನಿಂತು ಹಗಲಿರುಳೂ ವಿದ್ಯುತ್ತನ್ನು ಉಣ್ಣುತ್ತಿರುತ್ತವೆ. ಅವುಗಳ ಕಾವನ್ನು ಇಳಿಸಲು ಬೇರೆ ಯಂತ್ರಗಳು ದುಡಿಯುತ್ತಿರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಟ್ಟಡಕ್ಕೆ ಒಬ್ಬ ಒಡೆಯನಿದ್ದಾನೆ. ಬಳಸುವವನು ಅಲ್ಲಿ ಬಾಡಿಗೆದಾರ.

'ಪರ್ಸನಲ್ ಕಂಪ್ಯೂಟರ್' ಎಂಬ ಹೆಸರು ಲೋಕಪ್ರಸಿದ್ಧವಾದದ್ದು 1981ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಸಂಸ್ಥೆ ತನ್ನ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಾಗ. ಅಲ್ಲಿ 'ಪರ್ಸನಲ್' ಎಂದರೆ ಒಬ್ಬನ ಮೇಜಿನ ಮೇಲೆ ಇರುವ, ಒಬ್ಬನ ವಶದಲ್ಲಿರುವ ಯಂತ್ರವೆಂದೇ ಅರ್ಥ. ಮೇಘಗಣಕದಲ್ಲಿ ಈ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ಎಣಿಕೆ ಮಾಡುವ ಭಾಗ, ನೆನಪಿಡುವ ಭಾಗ, ಕಡತಗಳ ಸಂಗ್ರಹ ಈ ಮೂರೂ ದೂರದ ಕಟ್ಟಡದಲ್ಲಿರುತ್ತವೆ. ವಿದ್ಯಾರ್ಥಿಯ ಮುಂದೆ ಇರುವುದು ಪರದೆ, ಕೀಲಿಮಣೆ ಮತ್ತು ಮೌಸ್ ಮಾತ್ರ. ಅವನು ಒತ್ತಿದ ಕೀಲಿಯ ಸುದ್ದಿ ತಂತಿಯ ಮೂಲಕ ಅಲ್ಲಿಗೆ ಹೋಗುತ್ತದೆ. ಅಲ್ಲಿ ನಡೆದ ಕೆಲಸದ ಚಿತ್ರ ಮರಳಿ ಇಲ್ಲಿಯ ಪರದೆಗೆ ಬರುತ್ತದೆ. ಅಮೆಜಾನ್ ಸಂಸ್ಥೆ 'ವರ್ಕ್‌ಸ್ಪೇಸಸ್' ಎಂಬ ಹೆಸರಿನಿಂದ 2014ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆ 'ವಿಂಡೋಸ್ 365' ಎಂಬ ಹೆಸರಿನಿಂದ 2021ರ ಆಗಸ್ಟ್‌ನಲ್ಲಿ ಇಂಥ ಗಣಕಗಳನ್ನು ಬಾಡಿಗೆಗೆ ಕೊಡಲು ಆರಂಭಿಸಿದವು. 2025ರ ಜುಲೈನಲ್ಲಿ ರಿಲಯನ್ಸ್ ಜಿಯೋ ಸಂಸ್ಥೆಯು ಮನೆಯ ದೂರದರ್ಶನದ ಪೆಟ್ಟಿಗೆಯನ್ನೇ ಗಣಕವನ್ನಾಗಿ ಮಾಡುವ 'ಜಿಯೋಪಿಸಿ'ಯನ್ನು ಭಾರತದಲ್ಲಿ ತಂದಮೇಲೆ ವಿಷಯವು ದೊಡ್ಡ ಕಚೇರಿಗಳಿಂದ ಇಳಿದು ಮಧ್ಯಮವರ್ಗದ ಪಡಸಾಲೆಯನ್ನು ತಲುಪಿತು.

ಆಲೋಚನೆ ಹೊಸದೇನಲ್ಲ. 1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ಥಿ ಎಂಬ ವಿದ್ವಾಂಸರು ಗಣನಶಕ್ತಿಯೂ ಮುಂದೊಂದು ದಿನ ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಿ ಹರಿದುಬರಬಹುದೆಂದು ಹೇಳಿದ್ದರು. ಈ ಹೋಲಿಕೆಯನ್ನು ಇಂದಿಗೂ ಮಾರಾಟಗಾರರು ಬಳಸುತ್ತಾರೆ: ಮನೆಮನೆಯಲ್ಲಿ ವಿದ್ಯುತ್ತನ್ನು ಯಾರೂ ಉತ್ಪಾದಿಸುವುದಿಲ್ಲ, ಮನೆಮನೆಯಲ್ಲಿ ಗಣಕವೇಕೆ? ಕನ್ನಡನಾಡಿನವರಿಗೆ ಈ ಮಾತು ಬೇಗ ಮನದಟ್ಟಾಗುವಂಥದು. 1902ರಲ್ಲಿಯೇ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಒಯ್ದ ನಾಡು ಇದು. ಆದರೆ ಹೋಲಿಕೆಯು ಒಂದು ಹಂತದವರೆಗೆ ಮಾತ್ರ ಸರಿ. ವಿದ್ಯುತ್ತಿನ ಒಂದು ಯೂನಿಟ್ಟಿಗೂ ಇನ್ನೊಂದು ಯೂನಿಟ್ಟಿಗೂ ಭೇದವಿಲ್ಲ. ಇಂದು ಕಡಿದುಹೋದರೆ ನಾಳೆ ಬಂದದ್ದು ಅದೇ ಕೆಲಸವನ್ನು ಮಾಡುತ್ತದೆ. ಅಧ್ಯಾಪಕನೊಬ್ಬನು ಹತ್ತು ವರ್ಷ ಕುಳಿತು ಸಿದ್ಧಪಡಿಸಿದ ಪಾಠಟಿಪ್ಪಣಿಗೆ ಮತ್ತೊಂದು ಟಿಪ್ಪಣಿ ಬದಲಿಯಾಗಲಾರದು. ವಿದ್ಯುತ್ ಕೇಂದ್ರವು ಕೊಡುತ್ತದೆಯೇ ಹೊರತು ಬಳಸುವವನಿಂದ ಏನನ್ನೂ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಮೇಘಗಣಕದಲ್ಲಿ ಬಳಸುವವನು ಬರೆದದ್ದೆಲ್ಲ ಕೊಡುವವನ ಕಟ್ಟಡದಲ್ಲಿಯೇ ಉಳಿಯುತ್ತದೆ. ಮೇಘಗಣಕವನ್ನು ಕುರಿತ ಮುಖ್ಯವಾದ ಜಿಜ್ಞಾಸೆ ಇರುವುದು ಇಲ್ಲಿಯೇ.

ದೋಷವನ್ನು ಎಣಿಸುವ ಮುನ್ನ ಗುಣವನ್ನು ಹೇಳುವುದು ನ್ಯಾಯ; ಗುಣಗಳು ಅಲ್ಪವೂ ಅಲ್ಲ. ದಾನಿಗಳ ನೆರವಿನಿಂದ ಹತ್ತು ಹನ್ನೆರಡು ವರ್ಷಗಳ ಹಿಂದೆ ಕಂಪ್ಯೂಟರ್ ಕೊಠಡಿಯನ್ನು ತೆರೆದ ಶಾಲೆಗಳ ಇಂದಿನ ಸ್ಥಿತಿಯನ್ನು ಕಂಡವರು ಇದನ್ನು ಒಪ್ಪುವರು. ಇಪ್ಪತ್ತು ಯಂತ್ರಗಳಲ್ಲಿ ಏಳೆಂಟು ಮೂಲೆ ಸೇರಿರುತ್ತವೆ; ಉಳಿದವು ಏಳುವುದಕ್ಕೇ ಕಾಲುಗಂಟೆ ತೆಗೆದುಕೊಳ್ಳುತ್ತವೆ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಕಾಲುಗಂಟೆ ಹೋದರೆ ಕಲಿಸುವುದೇನು? ಅದರ ಮೇಲೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕೊನೆಗೊಳಿಸಿತು. ಅದರ ಮುಂದಿನ ಆವೃತ್ತಿಯನ್ನು ಹೊರಲು ಹಳೆಯ ಯಂತ್ರಗಳು ಬಹುಪಾಲು ಅನರ್ಹ. ಅಂಥ ಯಂತ್ರಗಳನ್ನು ಗುಜರಿಗೆ ಹಾಕದೆ, ದೂರದ ಗಣಕವನ್ನು ನೋಡುವ ಕಿಟಕಿಯನ್ನಾಗಿ ಮಾಡಿಕೊಂಡರೆ ಇನ್ನು ನಾಲ್ಕಾರು ವರ್ಷ ಬಾಳುತ್ತವೆ. ಭಾರವೆಲ್ಲ ಅಲ್ಲಿ ಇಳಿಯುವುದರಿಂದ ಇಲ್ಲಿಯ ಯಂತ್ರದ ಮುಪ್ಪು ಬಾಧಿಸುವುದಿಲ್ಲ. (ಹಳೆಯ ಯಂತ್ರಕ್ಕೆ ಉಚಿತವಾದ ಲಿನಕ್ಸ್ ವ್ಯವಸ್ಥೆಯನ್ನು ತುಂಬಿ ಬಳಸುವ ಇನ್ನೊಂದು ದಾರಿಯೂ ಉಂಟು. ನೆರೆಯ ಕೇರಳದ ಸರಕಾರಿ ಶಾಲೆಗಳು ಬಹುಕಾಲದಿಂದ ಆ ದಾರಿಯಲ್ಲಿ ನಡೆದಿವೆ. ಮಾರಾಟಗಾರರು ಅದನ್ನು ಹೇಳುವುದಿಲ್ಲವೆಂಬುದು ಅವರ ತಪ್ಪಲ್ಲ. ಕೇಳದಿರುವುದು ಕೊಳ್ಳುವವರ ತಪ್ಪು.)

ಎರಡನೆಯ ಗುಣ ಇನ್ನೂ ಮಿಗಿಲಾದದ್ದು. ಪ್ರಸಾದನಿಲಯದಲ್ಲಿದ್ದು ಓದುವ ಹುಡುಗನು ದಸರೆಯ ರಜೆಗೆ ಊರಿಗೆ ಹೋದಾಗ ಅವನ ಅರ್ಧ ಮುಗಿದ ಕೆಲಸ ಶಾಲೆಯ ಯಂತ್ರದಲ್ಲಿಯೇ ಉಳಿಯುತ್ತಿತ್ತು. ಮೇಘಗಣಕದಲ್ಲಿ ಆ ಕೆಲಸವು ಅವನು ಬಿಟ್ಟ ಸಾಲಿನಲ್ಲಿಯೇ ಅವನಿಗಾಗಿ ಕಾದಿರುತ್ತದೆ. ಊರಿನಲ್ಲಿ ಅಂತರ್ಜಾಲವೂ ಒಂದು ಪರದೆಯೂ ಇದ್ದರೆ ಸಾಕು. ಮಳೆಗಾಲದ ಮೊದಲ ಸಿಡಿಲಿಗೆ ಶಾಲೆಯ ಯಂತ್ರಗಳು ಸುಟ್ಟುಹೋದರೂ ಕಡತಗಳು ಸುಡುವುದಿಲ್ಲ. ಕಳ್ಳನು ಯಂತ್ರವನ್ನು ಒಯ್ದರೂ ಅಂಕಪಟ್ಟಿಗಳನ್ನು ಒಯ್ಯಲಾರನು. ತಾಲ್ಲೂಕು ಕೇಂದ್ರದಿಂದ ದುರಸ್ತಿಗಾರನು ಬರುವವರೆಗೆ ವಾರಗಟ್ಟಲೆ ಕಾಯುವ ಪ್ರಸಂಗವೂ ಕಡಿಮೆಯಾಗುತ್ತದೆ. ಸ್ವಂತ ಯಂತ್ರವಿದ್ದರೆ ಎಲ್ಲವೂ ಕ್ಷೇಮವೆಂದು ವಾದಿಸುವವರು ಕೆಟ್ಟುಹೋದ ಡಿಸ್ಕುಗಳಿಂದ ತುಂಬಿದ ಶಾಲೆಯ ಬೀರುವನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಇನ್ನು ಹಣದ ವಿಚಾರ. ಇದು ಈ ಸಂಚಿಕೆಯನ್ನು ಓದುವ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಹತ್ತಿರದ್ದಾದುದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಜಿಯೋಪಿಸಿಯನ್ನು ತಂದಾಗ 2025ರಲ್ಲಿ ಪ್ರಕಟಿಸಿದ ದರ ತೆರಿಗೆಯನ್ನು ಬಿಟ್ಟು ತಿಂಗಳಿಗೆ 599 ರೂಪಾಯಿ. ಅದು ಮನೆಬಳಕೆಯ ದರ. ದೀರ್ಘಾವಧಿಗೆ ರಿಯಾಯಿತಿಯೂ ಇತ್ತು. ಶಾಲೆಗಳ ಒಪ್ಪಂದ ಬೇರೆಯಾಗಿರಬಹುದು. ಆದರೂ ಅಳತೆಗೋಲಾಗಿ ಅದನ್ನೇ ಹಿಡಿದರೆ ಒಂದು ಆಸನಕ್ಕೆ ವರ್ಷಕ್ಕೆ 7,188 ರೂಪಾಯಿ, ಮೂವತ್ತು ಆಸನಗಳಿಗೆ 2,15,640 ರೂಪಾಯಿ, ಐದು ವರ್ಷಕ್ಕೆ 10,78,200 ರೂಪಾಯಿ ಆಗುತ್ತದೆ. ಮೂವತ್ತು ಸಾಧಾರಣ ಯಂತ್ರಗಳನ್ನು ಕೊಂಡರೂ ಹೆಚ್ಚುಕಡಿಮೆ ಅದೇ ಪ್ರಮಾಣದ ಹಣ ಬೇಕಾದೀತು. ಮೊತ್ತದಲ್ಲಿ ಅಂಥ ಅಂತರವಿಲ್ಲ. ಅಂತರವಿರುವುದು ಹಣ ಹೊರಡುವ ರೀತಿಯಲ್ಲಿ.

ವಿದ್ಯಾಸಂಸ್ಥೆಗಳಿಗೆ ಬರುವ ದಾನದ ಸ್ವಭಾವವೇ ಬೇರೆ. ಅದು ಒಮ್ಮೆಲೇ ಬರುತ್ತದೆ. ತಾಯಿತಂದೆಗಳ ಸ್ಮರಣಾರ್ಥ ಒಂದು ಕೊಠಡಿ, ಮಗನ ಮದುವೆಯ ಸಂಭ್ರಮದಲ್ಲಿ ಹತ್ತು ಬೆಂಚುಗಳು, ನಿವೃತ್ತಿಯ ಹಣದಲ್ಲಿ ನಾಲ್ಕು ಗಣಕಗಳು. ಕಲ್ಲಿನ ಫಲಕದ ಮೇಲೆ ಹೆಸರನ್ನು ಕೆತ್ತಿಸುವುದರಲ್ಲಿ ಕೀರ್ತಿಯ ಆಸೆಗಿಂತ ಋಣವನ್ನು ತೀರಿಸಿದ ಸಮಾಧಾನವೇ ಹೆಚ್ಚಾಗಿರುತ್ತದೆ. ಬಾಡಿಗೆಯನ್ನು ಫಲಕದ ಮೇಲೆ ಕೆತ್ತಿಸಲಾಗುವುದಿಲ್ಲ. ತಿಂಗಳ ಬಾಡಿಗೆಗೆ ದಾನಿ ಸಿಗುವುದು ಕಷ್ಟ. ಸಿಕ್ಕರೂ ಎರಡನೆಯ ವರ್ಷ ಅವನನ್ನು ಹುಡುಕಿಕೊಂಡು ಹೋಗುವುದು ಮುಖ್ಯೋಪಾಧ್ಯಾಯರಿಗೆ ಸಂಕೋಚದ ಕೆಲಸ. ಕೊಂಡ ಯಂತ್ರವು ಹಣವಿಲ್ಲದ ವರ್ಷದಲ್ಲಿಯೂ ಕುಂಟುತ್ತ ನಡೆಯುತ್ತದೆ. ಬಾಡಿಗೆಯ ಯಂತ್ರವು ಹಣ ನಿಂತ ತಿಂಗಳೇ ನಿಲ್ಲುತ್ತದೆ. ಆದಕಾರಣ ಮೇಘಗಣಕವನ್ನು ತರಬೇಕೆಂಬ ಸಂಸ್ಥೆಯು ಮೊದಲು ದತ್ತಿನಿಧಿಯನ್ನು ಸ್ಥಾಪಿಸಿ, ಅದರ ಬಡ್ಡಿಯಿಂದ ಬಾಡಿಗೆ ಸಲ್ಲುವಂತೆ ಮಾಡಿಕೊಳ್ಳಬೇಕು. ಒಂದು ವರ್ಷದ ದಾನವನ್ನು ನಂಬಿ ಐದು ವರ್ಷದ ಪಾಠಕ್ರಮವನ್ನು ಬದಲಿಸುವುದು ವಿವೇಕವಲ್ಲ.

ಕನ್ನಡದ ದೃಷ್ಟಿಯಿಂದ ನೋಡಿದರೆ ಬೇರೊಂದು ತೊಡಕು ಕಾಣುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶದಿಂದಲೂ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸದಿಂದಲೂ ಕನ್ನಡ ಬರೆಹ ಸುಲಭವಾಯಿತು. ಆ ವಿನ್ಯಾಸದಲ್ಲಿ ಒಂದು ಒತ್ತಕ್ಷರಕ್ಕೆ ಮೂರು ಕೀಲಿಗಳನ್ನು ಒತ್ತಬೇಕು. ಮೂಲಾಕ್ಷರ, ಜೋಡಣೆಯ ಕೀಲಿ, ಒತ್ತಿನ ಅಕ್ಷರ. ಸ್ವಂತ ಯಂತ್ರದಲ್ಲಿ ಅಕ್ಷರವು ಬೆರಳ ಹಿಂದೆಯೇ ಮೂಡುತ್ತದೆ. ಮೇಘಗಣಕದಲ್ಲಿ ಪ್ರತಿಯೊಂದು ಒತ್ತೂ ದೂರದ ಕಟ್ಟಡಕ್ಕೆ ಹೋಗಿ ಚಿತ್ರವಾಗಿ ಮರಳಬೇಕು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುವುದರಿಂದ ದೂರವೊಂದೇ ದೊಡ್ಡ ಅಡ್ಡಿಯಲ್ಲ; ಹಾದಿಯಲ್ಲಿಯ ದಟ್ಟಣೆ, ಹಳ್ಳಿಯ ದುರ್ಬಲವಾದ ಸಂಪರ್ಕ ಇವು ಅಡ್ಡಿ. ಹತ್ತನೆಯ ಒಂದು ಸೆಕೆಂಡು ತಡವಾದರೂ ಬರೆಯುವವನಿಗೆ ತಿಳಿಯುತ್ತದೆ. ತಡ ಇನ್ನೂ ಹೆಚ್ಚಿದರೆ, ಒತ್ತು ಬಂದಿತೋ ಇಲ್ಲವೋ ಎಂದು ಮಗು ಮತ್ತೊಮ್ಮೆ ಒತ್ತುತ್ತದೆ. ಒಂದು ಒತ್ತಿಗೆ ಎರಡು ಒತ್ತಾಗಿ ಪದವೇ ಕೆಡುತ್ತದೆ. ಕಾಗುಣಿತ ಮೊದಲೇ ಸಡಿಲವಾಗಿರುವ ಕಾಲದಲ್ಲಿ ಇದು ಉಪೇಕ್ಷಿಸತಕ್ಕ ವಿಷಯವಲ್ಲ.

ಅಧ್ಯಾಪಕರ ಹಳೆಯ ಕಡತಗಳ ಸಮಸ್ಯೆಯೂ ಇದರೊಡನೆ ಸೇರಿದೆ. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಬಹುಕಾಲ ಕನ್ನಡದ ಬರೆಹವೆಲ್ಲ ಆಯಾ ತಂತ್ರಾಂಶದ ಸ್ವಂತ ಸಂಕೇತಗಳಲ್ಲಿ ನಡೆಯಿತು. ಆ ಅಕ್ಷರರೂಪಗಳು ಯಂತ್ರದಲ್ಲಿಲ್ಲದಿದ್ದರೆ ಹಳೆಯ ಪ್ರಶ್ನೆಪತ್ರಿಕೆ, ಹಳೆಯ ಸ್ಮರಣಸಂಚಿಕೆಯ ಲೇಖನ ಎಲ್ಲವೂ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತವೆ. ಸ್ವಂತ ಯಂತ್ರಕ್ಕೆ ಬೇಕಾದ ಅಕ್ಷರರೂಪವನ್ನು ಯಾರಾದರೂ ತುಂಬಿಕೊಳ್ಳಬಹುದು. ಬಾಡಿಗೆಯ ಯಂತ್ರದಲ್ಲಿ ತುಂಬಲು ಅನುಮತಿ ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಇವೆಲ್ಲವೂ ಪರಿಹಾರವಿರುವ ತೊಡಕುಗಳು. ಪರಿಹಾರವಿಲ್ಲದ ನಷ್ಟ ಹೇಗಿರುತ್ತದೆಂಬುದನ್ನು ದಕ್ಷಿಣ ಕೊರಿಯ ದೇಶ 2025ರಲ್ಲಿ ಕಂಡಿತು. ಅಲ್ಲಿಯ ಸರಕಾರವು ತನ್ನ ನೌಕರರಿಗಾಗಿ 'ಜಿ-ಡ್ರೈವ್' ಎಂಬ ಮೇಘಭಂಡಾರವನ್ನು ಕಟ್ಟಿತ್ತು. ಕಚೇರಿಯ ಕಡತಗಳನ್ನು ಮೇಜಿನ ಮೇಲಿನ ಗಣಕದಲ್ಲಿ ಇಡದೆ ಅಲ್ಲಿಯೇ ಇಡಬೇಕೆಂಬುದು ಸೂಚನೆ. ಉದ್ದೇಶ ಒಳ್ಳೆಯದೇ ಆಗಿತ್ತು. ಕಡತಗಳು ಚೆದುರಬಾರದು, ಸೋರಿಹೋಗಬಾರದು. ಸೆಪ್ಟೆಂಬರ್ 26ರಂದು ದೇಜಾನ್ ನಗರದಲ್ಲಿರುವ ರಾಷ್ಟ್ರೀಯ ಮಾಹಿತಿ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹೊತ್ತಿಕೊಂಡಿತು. ಸರಕಾರದ 709 ವ್ಯವಸ್ಥೆಗಳು ಸ್ತಬ್ಧವಾದವು. ಜಿ-ಡ್ರೈವ್ ಸಂಪೂರ್ಣವಾಗಿ ಸುಟ್ಟುಹೋಯಿತು. ಅದರಲ್ಲಿದ್ದ ಸುಮಾರು 858 ಟೆರಾಬೈಟ್ ಕಡತಗಳಿಗೆ ಹೊರಗೆ ಎಲ್ಲಿಯೂ ಮತ್ತೊಂದು ಪ್ರತಿ ಇರಲಿಲ್ಲ. ಭಂಡಾರವು ಬಹಳ ದೊಡ್ಡದಾದುದರಿಂದ ಪ್ರತಿ ಮಾಡಿಡುವುದು ಸಾಧ್ಯವಾಗಿರಲಿಲ್ಲವೆಂಬ ಸಮಾಧಾನ ಹೊರಬಂದಿತು. ಅದನ್ನು ನೆಚ್ಚಿದ್ದ ಸುಮಾರು 1,25,000 ನೌಕರರ ಕೆಲಸ ನಷ್ಟವಾಯಿತು. ಸೂಚನೆಯನ್ನು ಅಕ್ಷರಶಃ ಪಾಲಿಸಿ ಎಲ್ಲವನ್ನೂ ಅಲ್ಲಿಯೇ ಇಟ್ಟಿದ್ದ ಸಿಬ್ಬಂದಿ ವ್ಯವಹಾರದ ಇಲಾಖೆಗೆ ಎಲ್ಲಕ್ಕಿಂತ ಹೆಚ್ಚು ಹಾನಿಯಾಯಿತು. ಮೇಲಧಿಕಾರಿಗಳ ಒಪ್ಪಿಗೆಗಾಗಿ ಬೇರೊಂದು ವ್ಯವಸ್ಥೆಯ ಮೂಲಕ ಸಾಗಿದ್ದ ಕಡತಗಳು ಮಾತ್ರ ಅಲ್ಲಿ ಉಳಿದುಕೊಂಡವು. ವಿಧೇಯನಾದವನು ಕಳೆದುಕೊಂಡನು, ಕಾಕತಾಳೀಯವಾಗಿ ಎರಡು ಕಡೆ ಇದ್ದದ್ದು ಉಳಿಯಿತು.

ಗಮನಿಸಬೇಕಾದ ಅಂಶವೆಂದರೆ ಅಲ್ಲಿ ಬಾಡಿಗೆಯ ಮಾತೇ ಇರಲಿಲ್ಲ. ಕಟ್ಟಡ ಸರಕಾರದ್ದು, ಕಡತವೂ ಸರಕಾರದ್ದು. ಒಡೆತನವಿದ್ದ ಮಾತ್ರಕ್ಕೆ ಕ್ಷೇಮವಿರುವುದಿಲ್ಲ. ಬಾಡಿಗೆಯಾದಾಗ ಬೆಂಕಿಯಿಲ್ಲದೆಯೂ ಬಾಗಿಲು ಮುಚ್ಚಬಹುದೆಂಬುದಕ್ಕೆ ಅದೇ ವರ್ಷದ ಜುಲೈ ತಿಂಗಳಲ್ಲಿ ಭಾರತದಲ್ಲಿಯೇ ನಿದರ್ಶನ ದೊರೆಯಿತು. ಗುಜರಾತಿನ ವಾಡಿನಾರಿನಲ್ಲಿ ತೈಲಶುದ್ಧೀಕರಣ ಕೇಂದ್ರವನ್ನು ನಡೆಸುವ ನಯಾರಾ ಎನರ್ಜಿ ಸಂಸ್ಥೆಯ ಮೇಲೆ ಐರೋಪ್ಯ ಒಕ್ಕೂಟವು ನಿರ್ಬಂಧವನ್ನು ಹೇರಿತು. ಅದನ್ನು ಅನುಸರಿಸಿ ಮೈಕ್ರೋಸಾಫ್ಟ್ ತನ್ನ ಸೇವೆಗಳನ್ನು ನಿಲ್ಲಿಸಿತು. ಹಣವನ್ನು ಸಲ್ಲಿಸಿದ್ದರೂ ತನ್ನ ಅಂಚೆಯನ್ನೂ ತನ್ನ ಕಡತಗಳನ್ನೂ ತಾನೇ ಕಾಣಲಾರದಂತಾಯಿತೆಂದು ಸಂಸ್ಥೆಯು ದೆಹಲಿಯ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು. ಭಾರತದ ನೆಲದಲ್ಲಿ, ಭಾರತದ ಕಾನೂನಿನಂತೆ ನಡೆಯುವ ವ್ಯವಹಾರದ ಬೀಗದಕೈ ಬೇರೆ ಖಂಡದ ತೀರ್ಮಾನಕ್ಕೆ ಒಳಪಟ್ಟಿತ್ತೆಂಬುದು ಅದರಿಂದ ಬಯಲಾಯಿತು. ಶಾಲೆಯ ಮೇಲೆ ಯಾವ ಒಕ್ಕೂಟವೂ ನಿರ್ಬಂಧವನ್ನು ಹೇರುವುದಿಲ್ಲವೆಂಬುದು ನಿಜ. ಆದರೆ ಖಾತೆಯ ನವೀಕರಣ ತಪ್ಪಿದರೂ, ಗುಪ್ತಪದವನ್ನು ಬಲ್ಲ ಒಬ್ಬನೇ ಗುಮಾಸ್ತನು ಕೆಲಸ ಬಿಟ್ಟುಹೋದರೂ ಶಾಲೆಯ ಪಾಲಿಗೆ ಪರಿಣಾಮ ಅದೇ.

ಇದಕ್ಕೆ ಪ್ರತಿಯಾದ ಮತ್ತೊಂದು ಘಟನೆ ಆಸ್ಟ್ರೇಲಿಯದ್ದು. 2024ರ ಮೇ ತಿಂಗಳಲ್ಲಿ ಯುನಿಸೂಪರ್ ಎಂಬ ನಿವೃತ್ತಿವೇತನ ಸಂಸ್ಥೆಯ ಮೇಘಖಾತೆಯು ಗೂಗಲ್ ಸಂಸ್ಥೆಯ ಕಡೆಯ ಒಂದು ಅಚಾತುರ್ಯದಿಂದ ಅಳಿಸಿಹೋಯಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ತಮ್ಮ ಖಾತೆಗಳನ್ನು ಸುಮಾರು ಒಂದು ವಾರ ಕಾಣದಾದರು. ಆದರೂ ಏನೂ ನಾಶವಾಗಲಿಲ್ಲ. ಏಕೆಂದರೆ ಆ ಸಂಸ್ಥೆಯು ಬೇರೊಬ್ಬ ಒಡೆಯನ ಬಳಿ ಮತ್ತೊಂದು ಪ್ರತಿಯನ್ನು ಇಟ್ಟಿತ್ತು.

ಪ್ರತಿಯ ಮಹತ್ತ್ವವನ್ನು ಕನ್ನಡ ಸಾಹಿತ್ಯದ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ಒಂದನೆಯ ಗುಣವರ್ಮನ 'ಶೂದ್ರಕ' ಇಂದು ಪೂರ್ಣವಾಗಿ ದೊರೆಯುವುದಿಲ್ಲ. ಪೊನ್ನನ 'ಭುವನೈಕರಾಮಾಭ್ಯುದಯ'ದ ಗತಿಯೂ ಅದೇ. ಅವರ ಕಾವ್ಯಶಕ್ತಿ ಕಡಿಮೆಯಾಗಿತ್ತೆಂದಲ್ಲ. ಎಲ್ಲೋ ಒಂದು ಕಡೆ ಪ್ರತಿ ಮಾಡುವ ಕೈ ನಿಂತಿತು, ಇದ್ದ ಓಲೆಯನ್ನು ಗೆದ್ದಲು ತಿಂದಿತು. ಇದಕ್ಕೆ ವ್ಯತಿರಿಕ್ತವಾಗಿ ವಚನಗಳ ಓಲೆಗಟ್ಟುಗಳು ಒಂದೇ ಅರಮನೆಯ ಭಂಡಾರದಲ್ಲಿರದೆ ಮಠಗಳಲ್ಲಿ, ಹಳ್ಳಿಯ ಮನೆಗಳ ಅಟ್ಟಗಳಲ್ಲಿ ಚದುರಿದ್ದವು. ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತರುವುದು ಸಾಧ್ಯವಾದದ್ದು ಹಾಗೆ ಚದುರಿದ್ದುದರಿಂದಲೇ. ಒಂದು ಓಲೆಯಲ್ಲಿ ಹುಳು ತಿಂದ ಸಾಲನ್ನು ಇನ್ನೊಂದು ಓಲೆ ತುಂಬಿಕೊಟ್ಟಿತು. ಪಾಠಾಂತರಗಳಿಂದ ಸಂಪಾದಕನಿಗೆ ತಲೆನೋವು ಬರುವುದುಂಟು. ಪಾಠವೇ ಇಲ್ಲದಿರುವುದಕ್ಕಿಂತ ಆ ತಲೆನೋವು ಲೇಸು.

ವಿದ್ಯಾರ್ಥಿಯ ಕಡೆಯಿಂದಲೂ ಒಂದು ಮಾತು ಉಳಿದಿದೆ. ಸ್ವಂತ ಯಂತ್ರವಿದ್ದ ಕೊಠಡಿಯಲ್ಲಿ ಕುತೂಹಲಿಯಾದ ಹುಡುಗನು ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೋಡುತ್ತಿದ್ದನು; ಬೈಗಳನ್ನೂ ತಿನ್ನುತ್ತಿದ್ದನು. ಆದರೂ ಸ್ಮೃತಿಯ ಪಟ್ಟಿ ಯಾವುದು, ಡಿಸ್ಕು ಯಾವುದು, ಕಡತವು ಎಲ್ಲಿ ಇರುತ್ತದೆ ಎಂಬುದನ್ನು ಕಣ್ಣಾರೆ ಕಾಣುತ್ತಿದ್ದನು. ಮೇಘಗಣಕದಲ್ಲಿ ತೆರೆಯುವುದಕ್ಕೆ ಏನೂ ಇಲ್ಲ. 'ಕಡತ ಎಲ್ಲಿದೆ?' ಎಂದು ಕೇಳಿದರೆ 'ಕ್ಲೌಡಿನಲ್ಲಿದೆ' ಎಂದು ಉತ್ತರ ಬರುತ್ತದೆ. ಅದು ಉತ್ತರವಲ್ಲ. ಯಾವ ಊರಿನಲ್ಲಿ, ಯಾರ ವಶದಲ್ಲಿ, ಎಷ್ಟು ಪ್ರತಿಗಳಲ್ಲಿ ಎಂಬುದನ್ನು ಹೇಳಬಲ್ಲವನಾದರೆ ಆ ಹುಡುಗನಿಗೆ ಗಣಕವಿದ್ಯೆ ಬಂದಿತೆಂದು ತಿಳಿಯಬಹುದು. ಬಾಲಕರ ಹೆಸರು, ವಯಸ್ಸು, ಅಂಕಗಳು ಹೊರಗಿನವರ ವಶಕ್ಕೆ ಹೋಗುವುದು ಈಗ ಕಾನೂನಿನ ವಿಷಯವೂ ಹೌದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು ಹದಿನೆಂಟು ತುಂಬದವರ ವಿಷಯದಲ್ಲಿ ತಾಯಿತಂದೆಗಳ ಸಮ್ಮತಿಯನ್ನು ವಿಧಿಸಿದೆ. ಆಡಳಿತ ಮಂಡಳಿಗಳು ಇದನ್ನು ವಕೀಲರಿಂದ ಓದಿಸಿಕೊಳ್ಳುವುದು ಉಚಿತ.

ಮೇಘಗಣಕವನ್ನು ಪಾಠದ ಕೊಠಡಿಯಲ್ಲಿ ತರುವುದಕ್ಕೆ ಆಕ್ಷೇಪವಿರಬೇಕಾಗಿಲ್ಲ. ಹಳೆಯ ಯಂತ್ರಗಳಿರುವ ಬಡ ಶಾಲೆಗೆ ಅದು ಒಳ್ಳೆಯ ಆಸರೆಯೇ. ಆದರೆ ಅದನ್ನು ಕೆಲಸದ ಪಡಸಾಲೆಯನ್ನಾಗಿ ಬಳಸಬೇಕೇ ಹೊರತು ಏಕೈಕ ಭಂಡಾರವನ್ನಾಗಿ ಅಲ್ಲ. ಪ್ರವೇಶದ ದಾಖಲೆ, ವರ್ಗಾವಣೆ ಪತ್ರಗಳ ಪುಸ್ತಕ, ಅಂಕಪಟ್ಟಿ, ದತ್ತಿಯ ಲೆಕ್ಕ, ಅಧ್ಯಾಪಕರ ಟಿಪ್ಪಣಿ ಇವುಗಳ ಒಂದು ಪ್ರತಿ ಶಾಲೆಯ ಸ್ವಂತ ಡಿಸ್ಕಿನಲ್ಲಿಯೂ, ಇನ್ನೊಂದು ಪ್ರತಿ ಬೇರೊಂದು ಊರಿನ ಸಹೋದರ ಸಂಸ್ಥೆಯಲ್ಲಿಯೂ ಇರತಕ್ಕದ್ದು. ಬಾಡಿಗೆ ನಿಂತಮೇಲೆ ಕಡತಗಳನ್ನು ಎಷ್ಟು ದಿನ ಉಳಿಸುತ್ತಾರೆ, ಹೊರತೆಗೆದುಕೊಳ್ಳಲು ಏನು ಶುಲ್ಕ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರೆಹದಲ್ಲಿ ಪಡೆಯಬೇಕು. ಬೀಗದಕೈ ಇಬ್ಬರ ಬಳಿಯಾದರೂ ಇರಬೇಕು.

ಪ್ರತಿಯನ್ನು ಮಾಡಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಓಲೆಗರಿಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ, ಧೂಳನ್ನು ಕೊಡವಿ, ಎಣ್ಣೆಯನ್ನು ಸವರಿ ಮತ್ತೆ ಕಟ್ಟುವ ಪದ್ಧತಿ ಗ್ರಂಥಭಂಡಾರಗಳಲ್ಲಿತ್ತು. ಹಾಗೆಯೇ ಶಾಲೆಯ ಡಿಸ್ಕನ್ನೂ ಶಾರದಾಪೂಜೆಯ ದಿನ ಬೀರುವಿನಿಂದ ಹೊರತೆಗೆದು ಯಾವುದಾದರೂ ನಾಲ್ಕು ಕಡತಗಳನ್ನು ತೆರೆದು ಓದಿ ನೋಡಬಹುದು. ತೆರೆಯದ ಕಡತ ಸಿಕ್ಕರೆ, ಮೇಘದಲ್ಲಿ ಅದರ ಮತ್ತೊಂದು ಪ್ರತಿ ಇನ್ನೂ ಇರುವಾಗಲೇ ಅದು ತಿಳಿದುಬರುತ್ತದೆ.